ಸಾಬೂನು ಡಬ್ಬಿಯ ಬೂಸ್ಟರುಗಳು

ಮಕಬೂಲಸಾಬನಿಗೆ ಆ ತಿಂಗಳು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅರವತ್ತೊಂದು ದಾಟಿದ ಮನುಷ್ಯ, ಬಲಗಾಲಿನ ಮೊಣಕಾಲು ಬೇರೆ ಹಿಡಿದುಕೊಳ್ಳುತ್ತಿತ್ತು. ಹಾಗಿದ್ದೂ ಹೊತ್ತು ಮೂಡುವ ಮೊದಲೇ ಎದ್ದು ವ್ಯಾನು ತೊಳೆಯಲು ನಿಲ್ಲುತ್ತಿದ್ದ. ಹೆಂಡತಿ ಬೀಬಿಜಾನ ಚಹಾ ಹಿಡಿದು ಹೊರಗೆ ಬಂದರೆ ಬಕೆಟ್ಟು ಒಂದು ಕಡೆ, ಅರಿವೆ ಒಂದು ಕಡೆ, ಇವನು ತಲೆ ಮೇಲೆತ್ತಿ ಓಣಿಯ ಮಾಳಿಗೆಗಳನ್ನು ನೋಡುತ್ತಿರುತ್ತಿದ್ದ. ಯಾವ ಮಾಳಿಗೆಯ ಮೇಲೆ ಎಲ್ಲಿ ಕಂಬ ನಿಲ್ಲಿಸಬಹುದು, ಆಂಟೆನಾ ಯಾವ ಕಡೆ ಮುಖ ಮಾಡಬೇಕು ಎಂದು ಮನಸ್ಸಿನಲ್ಲೇ ಅಳತೆ ಹಾಕುತ್ತಿದ್ದ.

"ಏನ್ ನೋಡಾಕತ್ತೀರಿ?" ಎಂದು ಅವಳು ಕೇಳುತ್ತಿದ್ದಳು.

"ಏನಿಲ್ಲ."

"ಆ ಕೊಳವಿ, ಆ ತಂತಿ, ಮತ್ತ ಮನ್ಯಾಗ ತರಬ್ಯಾಡ್ರಿ. ಹಿಂದಿನದ್ದ ಸಾಕಾಗೈತಿ."

ಹಿಂದಿನದ್ದು ಎಂದರೆ ಇಪ್ಪತ್ತು ವರ್ಷಗಳ ಆಂಟೆನಾ ಕೆಲಸ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಮಕಬೂಲಸಾಬನದು ಒಂದು ಗೂಡಂಗಡಿಯಿತ್ತು. ಅಲ್ಯೂಮಿನಿಯಂ ಕೊಳವೆ ಕೊಯ್ದು ಟಿವಿ ಆಂಟೆನಾ ಮಾಡುವುದು, ಮಾಳಿಗೆ ಹತ್ತಿ ಕಟ್ಟಿ ಬರುವುದು, ಚಿತ್ರ ಮಸುಕಾಗಿದ್ದರೆ ಬೂಸ್ಟರು ಕೂಡಿಸುವುದು ಅವನ ಕೆಲಸ. ಬೂಸ್ಟರೆಂದರೆ ಆಂಟೆನಾದ ಬುಡದಲ್ಲಿ ಕೂತು, ಗಾಳಿಯಲ್ಲಿ ಬಂದ ದುರ್ಬಲ ಸಂಕೇತವನ್ನು ಹಿಗ್ಗಿಸಿ ಕೆಳಗಿನ ಟಿವಿಗೆ ಕಳಿಸುವ ಸಣ್ಣ ಯಂತ್ರ. ಕಂಪನಿಯ ಬೂಸ್ಟರು ದುಬಾರಿ ಎಂದು ಇವನೇ ತಯಾರಿಸುತ್ತಿದ್ದ. ಮಳೆ ತಾಗದಂತೆ ಅದಕ್ಕೊಂದು ಕವಚ ಬೇಕಲ್ಲ, ಪ್ರಯಾಣದಲ್ಲಿ ಸಾಬೂನು ಇಟ್ಟುಕೊಳ್ಳುವ ಪ್ಲಾಸ್ಟಿಕ್ ಡಬ್ಬಿಗಳನ್ನು ಡಜನ್ ಲೆಕ್ಕದಲ್ಲಿ ತಂದು ಅದರೊಳಗೇ ಕೂಡಿಸುತ್ತಿದ್ದ. ಊರೆಲ್ಲ ಅವನನ್ನು ಸಾಬೂನ ಡಬ್ಬಿ ಮಕಬೂಲ ಎಂದೇ ಕರೆಯುತ್ತಿತ್ತು. ಆಮೇಲೆ ಕೇಬಲ್ಲು ಬಂತು, ಡಿಶ್ ಬಂತು, ಕಡೆಗೆ ಎಲ್ಲರ ಕೈಗೂ ಫೋನು ಬಂತು. ಮಾಳಿಗೆಯ ಆಂಟೆನಾಗಳ ಮೇಲೆ ಕಾಗೆ ಕೂರತೊಡಗಿದವು. ಮಕಬೂಲಸಾಬ ಅಂಗಡಿಗೆ ಬೀಗ ಹಾಕಿ ಡ್ರೈವರ್ ಆದ.

ಹೀಗಿರುವಾಗ ಬಾಡಿಗೆಯ ಒಂದು ಕೆಲಸ ಸಿಕ್ಕಿತು. ಧಾರವಾಡದ ಒಂದು ಇಂಜಿನಿಯರಿಂಗ್ ಕಾಲೇಜಿನ ವೃಂದಾ ಮೇಡಂ ಅವರನ್ನು ಒಂದು ತಿಂಗಳು ಊರೂರು ಸುತ್ತಿಸಬೇಕು. ವೃಂದಾಳಿಗೆ ಮೂವತ್ತಾರರ ವಯಸ್ಸು, ಮನೆ ಧಾರವಾಡದ ಸಪ್ತಾಪುರದಲ್ಲಿ. ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದಳು. ಅವಳು ಕಲಿಸುತ್ತಿದ್ದ ಟಿವಿ ಪ್ರಸಾರದ ವಿಷಯವನ್ನು ಹಿಂದಿನ ವರ್ಷವಷ್ಟೇ ಪಠ್ಯದಿಂದ ತೆಗೆದಿದ್ದರು. ಮೊದಲ ದಿನ ವ್ಯಾನು ಹತ್ತಿ ಕೂತವಳೇ ಅವಳು ಅವನಿಗೆ ಎಲ್ಲ ಬಿಡಿಸಿ ಹೇಳಿದ್ದಳು.

"ಗುಡ್ಡದ ಮ್ಯಾಲಿನ ಟಿವಿ ಟವರಿನಿಂದ ಮೂರು ತಿಂಗಳು ಪ್ರಯೋಗ ನಡದದರಿ ಕಾಕಾ. ಎಚ್‌ಡಿ ಟಿವಿ, ಸೀದಾ ಗಾಳಿಯಾಗ. ಡಿಶ್ ಬ್ಯಾಡ, ಕೇಬಲ್ ಬ್ಯಾಡ, ಇಂಟರ್ನೆಟ್ ಬ್ಯಾಡ. ಮನಿ ಮ್ಯಾಲೆ ಒಂದು ಆಂಟೆನಾ ಇದ್ದರ ಸಾಕು."

ಮಕಬೂಲಸಾಬ ಗೇರು ಹಾಕುವುದನ್ನೇ ಮರೆತ. "ಆಂಟೆನಾ ಅಂದ್ರ, ನಮ್ಮ ಹಳೇ ಆಂಟೆನಾ ಏನ್ರಿ?"

"ಹೆಚ್ಚುಕಡಿಮಿ ಅದ. ಸ್ವಲ್ಪ ಸಣ್ಣದು. ನಾವು ನಲವತ್ತು ಜಾಗಾದಾಗ ಚಿತ್ರ ಹೆಂಗ ಬರ್ತದ ಅಂತ ಅಳತಿ ಮಾಡಿ ಕೊಡಬೇಕು. ಅದನ್ನ ನೋಡಿ ದಿಲ್ಲಿಯ ಪ್ರಸಾರ ಇಲಾಖೆಯವರು ಮುಂದಿಂದು ನಿರ್ಧಾರ ಮಾಡ್ತಾರ. ಫೋನಿನಾಗ ಎಲ್ಲಾ ಬರಲಿಕ್ಕತ್ತದ, ಇದು ಯಾರಿಗೆ ಬೇಕು ಅನ್ನೋರೂ ಬಹಳ ಮಂದಿ ಇದ್ದಾರ."

ಅವನು ಗೇರು ಹಾಕಿದ.

ಎಚ್‌ಡಿ ಚಿತ್ರವನ್ನು ಅವನು ಮೊದಲು ನೋಡಿದ್ದು ಧಾರವಾಡದ ಪಕ್ಕದ ಹಳ್ಳಿ ಹೆಬ್ಬಳ್ಳಿಯಲ್ಲಿ, ಸಾಲೆಯ ಬಯಲಿನಲ್ಲಿ. ಕಾಲೇಜಿನವರು ವ್ಯಾನಿನ ತಲೆಯ ಮೇಲೆ ಕೂಡಿಸಿದ್ದ ಕಂಬವನ್ನು ಮೂವತ್ತು ಅಡಿ ಏರಿಸಿ, ಅದರ ತುದಿಯ ಆಂಟೆನಾವನ್ನು ಟವರಿನ ದಿಕ್ಕಿಗೆ ತಿರುಗಿಸಿದರು. ವ್ಯಾನಿನ ಹಿಂಬಾಗಿಲು ತೆರೆದು ಒಳಗಿನ ಟಿವಿ ಹಚ್ಚಿದಾಗ ಒಬ್ಬ ಹೆಣ್ಣುಮಗಳು ತಂಬೂರಿ ಹಿಡಿದು ಹಾಡುತ್ತಿದ್ದಳು. ತಂತಿ ನಡುಗುವುದು ಕಾಣುತ್ತಿತ್ತು. ಅವಳ ಸೀರೆಯ ಜರಿಯ ಎಳೆ ಎಣಿಸಬಹುದಿತ್ತು. ಮಕಬೂಲಸಾಬ ತನ್ನ ಆಯುಷ್ಯದಲ್ಲಿ ಸಾವಿರಾರು ಮನೆಗಳಿಗೆ ಚಿತ್ರ ತಂದುಕೊಟ್ಟಿದ್ದ. ಆದರೆ ಅವೆಲ್ಲ ಉಪ್ಪು ಸುರಿದಂತೆ ಚುಕ್ಕೆ ಚುಕ್ಕೆಯಾದ, ಒಂದಕ್ಕೆ ಎರಡು ನೆರಳು ಬೀಳುವ ಚಿತ್ರಗಳು. ಗಾಳಿಯಲ್ಲಿ ಇಂಥದ್ದು ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

"ಡಿಶ್ ಎಲ್ಲೈತ್ರಿ?" ಎಂದು ನೆರೆದ ರೈತರಲ್ಲೊಬ್ಬ ವ್ಯಾನಿನ ಸುತ್ತ ಹುಡುಕಿದ.

"ಡಿಶ್ ಇಲ್ರಿ ಯಜಮಾನರ," ಎಂದು ವೃಂದಾ ಬಾಯಿ ತೆರೆಯುವ ಮೊದಲೇ ಮಕಬೂಲಸಾಬ ಹೇಳಿಬಿಟ್ಟ. "ಆಂಟೆನಾ. ಆಂಟೆನಾ ಮತ್ತ ಬರಾಕತ್ತೈತಿ."

"ಇನ್ನೂ ಬಂದಿಲ್ಲರಿ ಕಾಕಾ," ಎಂದು ವೃಂದಾ ಮೆಲ್ಲಗೆ ತಿದ್ದಿದಳು. "ಪ್ರಯೋಗ ನಡದದ ಅಷ್ಟ."

ಅವನ ಕಿವಿಗೆ ಅದು ಬೀಳಲಿಲ್ಲ. ಅಂದು ಮನೆಗೆ ಹೋದವನು ಅಟ್ಟದ ಮೇಲಿನ ಡ್ರಿಲ್ಲಿಂಗ್ ಮಷೀನು ಇಳಿಸಿ ಎಣ್ಣೆ ಬಿಟ್ಟ. ಮರುದಿನ ಮಾರ್ಕೆಟ್ಟಿಗೆ ಹೋಗಿ ಅಲ್ಯೂಮಿನಿಯಂ ಕೊಳವೆ ಈಗ ಎಷ್ಟು ದಪ್ಪದ್ದು ಸಿಗುತ್ತದೆಂದು ಕೈಯಿಂದ ಹಿಚುಕಿ ನೋಡಿ ಬಂದ. ಅಂದಿನಿಂದಲೇ ಅವನಿಗೆ ಕೂತಲ್ಲಿ ಕೂರಲಾಗದೆ ಹೋದದ್ದು.

ಇಪ್ಪತ್ತಾರು ಜಾಗಗಳಲ್ಲಿ ಅಳತೆ ಸುಸೂತ್ರವಾಗಿ ಮುಗಿಯಿತು. ಇಪ್ಪತ್ತೇಳನೆಯದು ಹುಬ್ಬಳ್ಳಿಯ ಗೋಪನಕೊಪ್ಪ. ಅಲ್ಲಿ ಒಂದು ಹಿಟ್ಟಿನ ಗಿರಣಿಯ ಎದುರು, ಬೇವಿನ ಮರದ ನೆರಳಿನಲ್ಲಿ ಮಕಬೂಲಸಾಬ ವ್ಯಾನು ನಿಲ್ಲಿಸಿದ. ಹೊತ್ತು ಹನ್ನೊಂದಾಗಿತ್ತು. ಕಂಬ ಏರಿಸಿ ಟಿವಿ ಹಚ್ಚಿದರೆ ಹಾಡುವ ಹೆಣ್ಣುಮಗಳ ಮುಖ ಚೌಕ ಚೌಕವಾಗಿ ಒಡೆಯಿತು, ಒಂದು ಕ್ಷಣ ನಿಂತಿತು, ಪೂರ್ತಿ ಕಪ್ಪಾಯಿತು.

"ಇದೇನಿದು," ಎಂದು ವೃಂದಾ ಮುಂದೆ ಬಾಗಿದಳು. "ಟವರಿನಿಂದ ಬರೋದು ಜೋರಾಗೇ ಬರಲಿಕ್ಕತ್ತದ. ನಡುವ ಯಾರೋ ಕೂಗಿ ಅದನ್ನ ಕೆಡಿಸಲಿಕ್ಕತ್ತಾರ."

ಅವಳು ತನ್ನ ಅಳತೆಯ ಯಂತ್ರದ ಪರದೆಯನ್ನು ತೋರಿಸಿದಳು. ಅಲ್ಲಿ ಇರಬಾರದ ಕಡೆ ಒಂದು ಗೆರೆ ಹಾವಿನ ಹೆಡೆಯಂತೆ ಎದ್ದು ಆಚೆ ಈಚೆ ಓಲಾಡುತ್ತಿತ್ತು. ಯಂತ್ರದ ಸ್ಪೀಕರು ಹಚ್ಚಿದಾಗ ಕುಂಯ್ ಎಂದು ಎಳೆದೆಳೆದು ಕೂಗುವ ಸದ್ದು ಬಂತು.

ಆ ಸದ್ದನ್ನು ಮಕಬೂಲಸಾಬ ಬಲ್ಲ. ವ್ಯಾನಿನಿಂದ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಗಿರಣಿಯ ಮಾಳಿಗೆಯತ್ತ ನೋಡಿದ. ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಅದರಿಂದ ಪಕ್ಕದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿರುವ ಎರಡು ಲಂಗ. ತುದಿಯಲ್ಲಿ ಅರ್ಧ ಮುರಿದ ಆಂಟೆನಾ. ಅದರ ಕೆಳಗೆ ಬಿಸಿಲಿಗೆ ಬಣ್ಣ ಹೋದ ಹಸಿರು ಸಾಬೂನು ಡಬ್ಬಿ.

ಅವನು ವ್ಯಾನಿಗೆ ಬಂದು ಸ್ಟೇರಿಂಗಿನ ಹಿಂದೆ ಕೂತ.

ಹತ್ತೊಂಬತ್ತುನೂರಾ ತೊಂಬತ್ತೊಂಬತ್ತರ ವಿಶ್ವಕಪ್ ಕ್ರಿಕೆಟ್ಟಿನ ಹೊತ್ತಿಗೆ ಊರಿಗೆ ಊರೇ ಬೂಸ್ಟರಿಗಾಗಿ ಅವನ ಗೂಡಂಗಡಿಯ ಮುಂದೆ ನಿಂತಿತ್ತು. ಇಪ್ಪತ್ತು ದಿನಗಳಲ್ಲಿ ನೂರಾ ನಲವತ್ತು ಬೂಸ್ಟರು ಮಾಡಿದ್ದ. ಪ್ರತಿಯೊಂದರಲ್ಲೂ ಜೋಳದ ಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರು ಕೂಡಿಸಬೇಕಿತ್ತು. ಅದಿಲ್ಲದಿದ್ದರೆ ಬೂಸ್ಟರು ಕೆಲವೊಮ್ಮೆ ತನ್ನಷ್ಟಕ್ಕೆ ತಾನೇ ಕೂಗತೊಡಗುತ್ತದೆ, ಸುತ್ತಲಿನ ಮನೆಗಳ ಟಿವಿಯಲ್ಲಿ ಅಡ್ಡಗೆರೆ ಎಳೆಯುತ್ತದೆ. ಆ ತಿಂಗಳು ಬಜಾರಿನಲ್ಲಿ ಆ ರೆಸಿಸ್ಟರು ಮುಗಿದಿತ್ತು. ಪುಣೆಯಿಂದ ಬರಲು ಒಂದು ತಿಂಗಳು. ಪಂದ್ಯ ಶುರುವಾಗಲು ಎರಡೇ ದಿನ. ಮಕಬೂಲಸಾಬ ಅಷ್ಟೂ ಬೂಸ್ಟರುಗಳನ್ನು ಅದಿಲ್ಲದೆಯೇ ಕೂಡಿಸಿದ. ಚಿತ್ರ ಬಂತು, ಜನ ಖುಷಿಯಾದರು. ವಿಶ್ವಕಪ್ ಮುಗಿದ ಮೇಲೆ ಮನೆಮನೆಗೆ ಬಂದು ಆ ಸಾಮಾನು ಹಾಕಿಕೊಡುತ್ತೇನೆಂದು ಎಲ್ಲರಿಗೂ ಮಾತು ಕೊಟ್ಟಿದ್ದ. ರೆಸಿಸ್ಟರುಗಳು ಬಂದವು. ಅವನು ಹೋಗಲಿಲ್ಲ. ಮೊದಲು ಪುರುಸೊತ್ತಿರಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ, ಆಮೇಲೆ ಕೇಬಲ್ಲು ಬಂತು.

ವೃಂದಾ ಕಾಲೇಜಿನ ಬಾಳಕೃಷ್ಣ ಸರ್‌ಗೆ ಫೋನು ಹಚ್ಚಿದಳು. ಈ ಪ್ರಯೋಗದ ಅಳತೆಯ ಹೊಣೆಯೆಲ್ಲ ಅವರದು, ವರ್ಷದೊಳಗೆ ನಿವೃತ್ತರಾಗುವವರು. ಸ್ಪೀಕರಿನಲ್ಲಿ ಅವರ ದನಿ ಮಕಬೂಲಸಾಬನಿಗೂ ಕೇಳಿಸಿತು.

"ಆ ಜಾಗಾ ಬಿಡು ವೃಂದಾ. ಅರ್ಧ ಕಿಲೋಮೀಟರ ಆಚೆ ಬಯಲದ, ಅಲ್ಲೆ ಅಳತಿ ತಗೊಂಡು ಅದನ್ನ ಇಪ್ಪತ್ತೇಳು ಅಂತ ಬರಿ. ಹನ್ನೆರಡು ದಿವಸದಾಗ ವರದಿ ಹೋಗಬೇಕು."

"ಬಯಲಿನಾಗ ಯಾರು ಟಿವಿ ನೋಡ್ತಾರ ಸರ್? ಮಂದಿ ಇರೋದು ಇಲ್ಲೆ."

"ನನಗ ವಾದ ಬ್ಯಾಡ," ಎಂದು ಅವರು ಫೋನು ಇಟ್ಟರು.

ಬಿಡು ಎಂದರೆ ಬಿಡುವವಳಲ್ಲ ವೃಂದಾ. ಮರುದಿನ ಮುಂಜಾನೆ ಎಂಟಕ್ಕೇ ಅಲ್ಲಿಗೆ ಹೋಗೋಣ ಎಂದಳು. ಹೋದರೆ ಚಿತ್ರ ಕನ್ನಡಿಯಂತೆ ನಿಂತಿತ್ತು. ಒಂಬತ್ತೂವರೆಯಾಗುತ್ತಲೇ ಒಡೆಯಿತು. ಮಧ್ಯಾಹ್ನ ಒಂದೂವರೆಗೆ ಮತ್ತೆ ಸರಿಯಾಯಿತು, ನಾಲ್ಕಕ್ಕೆ ಮತ್ತೆ ಒಡೆಯಿತು. ಅವಳು ಕೈಯಲ್ಲಿ ಹಿಡಿಯುವ ಸಣ್ಣ ಆಂಟೆನಾ ತೆಗೆದುಕೊಂಡು ಓಣಿ ಓಣಿ ಅಡ್ಡಾಡಿದಳು. ಕರೆಂಟಿನ ಮೀಟರು ನೋಡಲು ಬಂದವಳೆಂದು ಒಂದು ಮನೆಯವರು ಬಾಗಿಲು ಹಾಕಿಕೊಂಡರು. ಇಲ್ಲಿ ಮೊಬೈಲ್ ಟವರು ನಿಲ್ಲಿಸಲು ಬಿಡುವುದಿಲ್ಲ ಎಂದು ಒಬ್ಬ ಮುದುಕ ಕೋಲು ಎತ್ತಿದ. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಮಕಬೂಲಸಾಬ ವ್ಯಾನಿನೊಳಗಿನಿಂದ ನೋಡುತ್ತಿದ್ದ. ಈಗ ಹೇಳುತ್ತೇನೆ ಎಂದು ಬಾಗಿಲ ಹಿಡಿಕೆಗೆ ಕೈ ಹಾಕಿದ, ತೆಗೆದ, ಮತ್ತೆ ಹಾಕಿದ.

ಹೇಳಿದರೆ ಏನಾಗುತ್ತದೆ? ಒಂದು ಡಬ್ಬಿ ಇಷ್ಟು ಮಾಡಿದರೆ ನೂರಾ ನಲವತ್ತು ಏನು ಮಾಡಬಹುದು? ಈ ಊರಿನ ಗಾಳಿಯೇ ಕೆಟ್ಟಿದೆ, ಇಲ್ಲಿ ಆಂಟೆನಾ ಬೇಡ ಎಂದು ದಿಲ್ಲಿಯವರು ಬರೆದುಬಿಟ್ಟರೆ? ಅಂದು ಮನೆಯಲ್ಲಿ ರೊಟ್ಟಿ ಮುರಿದವನು ಬಾಯಿಗೆ ಒಯ್ಯಲಿಲ್ಲ. ಮರುದಿನ ಧಾರವಾಡಕ್ಕೆ ಮೇಡಂ ಅವರನ್ನು ಕರೆತರಲು ಹೊರಟವನು ಎರಡು ಸಲ ದಾರಿ ತಪ್ಪಿದ. ನಲವತ್ತು ವರ್ಷ ಓಡಾಡಿದ ದಾರಿ.

"ಮೈಯಾಗ ಆರಾಮ ಇಲ್ಲೇನು ಕಾಕಾ?" ಎಂದು ವೃಂದಾ ಕೇಳಿದಳು.

"ಅದೀನಿರಿ."

ಮೂರನೆಯ ದಿನ ವೃಂದಾ ಗಿರಣಿಯೊಳಗೇ ನುಗ್ಗಿದಳು. ಗಿರಣಿ ತೆರೆಯುವ ಹೊತ್ತಿಗೂ ಚಿತ್ರ ಒಡೆಯುವ ಹೊತ್ತಿಗೂ ತಾಳೆಯಾಗುವುದನ್ನು ಅವಳು ಗುರುತಿಸಿದ್ದಳು. ಮಕಬೂಲಸಾಬ ಹಿಂದೆ ಹಿಂದೆ ಹೋಗಿ ಹೊಸ್ತಿಲಲ್ಲಿ ನಿಂತ. ಒಳಗೆ ಐದಾರು ಹೆಣ್ಣುಮಕ್ಕಳು ಜೋಳದ ಡಬ್ಬಿ, ಗೋಧಿಯ ಚೀಲ ಇಟ್ಟುಕೊಂಡು ಪಾಳಿಗೆ ಕಾಯುತ್ತಿದ್ದರು. ಗಿರಣಿಯ ಒಡತಿ ಸಂಗವ್ವ ತಲೆಗೆ ಸೆರಗು ಬಿಗಿದು ಕಾಳು ಸುರಿಯುತ್ತಿದ್ದಳು. ಅರವತ್ತೈದರ ಹೆಂಗಸು, ಹುಬ್ಬಿನವರೆಗೂ ಹಿಟ್ಟು.

"ಸಂಗವ್ವನವರ, ಐದು ಮಿನಿಟು ಮೋಟಾರ ಬಂದ್ ಮಾಡ್ತೀರೇನ್ರಿ? ಟಿವಿ ಅಳತಿ ಮಾಡಲಿಕ್ಕತ್ತೇವಿ."

"ಟಿವಿ ಸಲುವಾಗಿ ಗಿರಣಿ ಬಂದ್ ಮಾಡೂದಽ? ಇವರ ಮನ್ಯಾಗ ಒಲಿ ಮ್ಯಾಲ ಹಂಚ ಇಟ್ಟ ಬಂದಾರ, ಇವರಿಗೆ ಏನ್ ಹೇಳ್ಲಿ?"

"ಐದಽ ಮಿನಿಟು, ಕೈ ಮುಗೀತೇನಿ."

ಸಂಗವ್ವ ಗೊಣಗುತ್ತ ಮೋಟಾರು ನಿಲ್ಲಿಸಿದಳು. ಪಟ್ಟೆ ತಿರುಗುವುದು ನಿಂತಿತು. ಗಿರಣಿ ಒಮ್ಮೆಲೆ ಸ್ತಬ್ಧವಾಯಿತು. ಆ ಸ್ತಬ್ಧತೆಯಲ್ಲಿ ವೃಂದಾಳ ಕೈಯಲ್ಲಿನ ಯಂತ್ರ ಕುಂಯ್ ಎಂದು ಕೂಗುತ್ತಲೇ ಇತ್ತು.

"ಮೋಟಾರ ಅಲ್ಲ," ಎಂದು ವೃಂದಾ ಸೋತ ದನಿಯಲ್ಲಿ ಅಂದಳು. "ಮತ್ತೇನದು?"

"ಅಯ್ಯ, ಇಷ್ಟಕ್ಕ ನನ್ನ ಗಿರಣಿ ನಿಲ್ಲಿಸಿದಿ?" ಸಂಗವ್ವ ಸ್ವಿಚ್ಚಿಗೆ ಕೈ ಹಾಕಿದಳು. ಕಾದು ಕೂತಿದ್ದ ಹೆಣ್ಣುಮಕ್ಕಳು ನಕ್ಕರು. ವೃಂದಾ ಯಂತ್ರ ಬಂದ್ ಮಾಡಿ ಬಾಗಿಲತ್ತ ತಿರುಗಿದಳು. "ನಡೀರಿ ಕಾಕಾ. ಬಯಲಿಗೇ ಹೋಗೂಣು. ಸರ್ ಹೇಳಿಧಂಗ ಬರದು ಮುಗಸ್ತೇನಿ."

ಮಕಬೂಲಸಾಬ ಬಾಗಿಲಿನಿಂದ ಸರಿಯಲಿಲ್ಲ.

"ಮೇಡಂರಿ, ಅದು ಮಾಳಿಗಿ ಮ್ಯಾಲೈತ್ರಿ. ಹಸರ ಡಬ್ಬಿ. ಬೂಸ್ಟರ ಅದು." ಅವನು ಕೈಯಿಂದ ಮೇಲೆ ತೋರಿಸಿದ. "ನಾನ ಮಾಡಿದ್ದರಿ."

ಅವನು ಒಳಗೆ ಬಂದು ಮೀಟರು ಬೋರ್ಡಿನ ಹಿಂದೆ ಕೈ ಹಾಕಿ, ಬೆರಳ ದಪ್ಪದ ಹಿಟ್ಟಿನ ಪದರು ಒರೆಸಿದ. ಅಲ್ಲಿ ಅಂಗೈಯಗಲದ ಒಂದು ತಗಡಿನ ಡಬ್ಬಿ, ಅದರ ಮೇಲೆ ಉರಿಯುವ ಕೆಂಪು ದೀಪದ ಚುಕ್ಕೆ. ಬೂಸ್ಟರಿಗೆ ಕರೆಂಟು ಕೊಡುವುದು ಅದೇ. ಪಾಳಿಗೆ ಕಾಯುವವರು ನೋಡಲಿ ಎಂದು ಆಗ ಗಿರಣಿಯಲ್ಲೊಂದು ಟಿವಿ ಇಟ್ಟಿದ್ದರು. ಟಿವಿ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು, ಈ ಡಬ್ಬಿ ಮಾತ್ರ ದಿನಾ ಗಿರಣಿಯ ಮೇನ್ ಸ್ವಿಚ್ ಹಾಕಿದಾಗ ತಾನೂ ಎಚ್ಚರವಾಗುತ್ತಿತ್ತು. ಮಕಬೂಲಸಾಬ ಅದರ ವಯರು ಕಿತ್ತ.

ವೃಂದಾ ಹೊರಗೆ ಓಡಿದಳು. ವ್ಯಾನಿನ ಟಿವಿಯಲ್ಲಿ ತಂಬೂರಿಯ ತಂತಿ ಒಂದೂ ಕದಡದೆ ನಡುಗುತ್ತಿತ್ತು.

ಸಂಗವ್ವ ಅವನ ಬಿಳಿ ಗಡ್ಡವನ್ನು ದಿಟ್ಟಿಸಿ ನೋಡಿದಳು. "ಅಯ್ಯ ಶಿವನ, ಸಾಬೂನ ಡಬ್ಬಿ ಮಕಬೂಲ ಅಲ್ಲೇನೋ ನೀನು! ಗಡ್ಡ ಬಿಟ್ಟಿ, ಗುರ್ತ ಹತ್ತಲಿಲ್ಲ. ಕ್ರಿಕೆಟ್ ಮುಗದ ಮ್ಯಾಲ ಬಂದು ಏನೋ ಸಾಮಾನ ಹಾಕ್ತೇನಿ ಅಂತ ಹೇಳಿ ಹ್ವಾದಾಂವ. ನಮ್ಮ ಮನಿಯವರು ಎಷ್ಟ ದಿವಸ ದಾರಿ ನೋಡಿದ್ರು. ಬಾಜೂ ಮನಿ ರಾಚವ್ವ ಟಿವ್ಯಾಗ ಗೆರಿ ಬರ್ತಾವು ಅಂತ ನಮ್ಮ ಕೂಡ ಜಗಳಾ ತಗದಿದ್ಲು, ಗೊತ್ತೈತೇನು?"

"ತಪ್ಪಾತ ಯಕ್ಕಾ."

"ಈಗ ಬಂದೀ ಏನ್ ಮಾಡಾಕ?" ಎಂದು ಅವಳು ಮೋಟಾರು ಹಚ್ಚಿದಳು.

ವ್ಯಾನಿನ ಬಳಿ ವೃಂದಾಳ ಖುಷಿ ಇಳಿದು ಬೇರೇನೋ ಏರಿತ್ತು. "ನಿಮಗ ಮೊದಲನೇ ದಿವಸನ ಗೊತ್ತಿತ್ತೇನು?"

"ಗೊತ್ತಿತ್ರಿ."

"ನಾ ಮೂರು ದಿವಸ ಬಿಸಲಾಗ ಮಂದಿ ಕಡೆ ಬೈಸಿಕೊಂಡು ಅಡ್ಡಾಡೋದನ್ನ ನೋಡಿಕೋತ ಸುಮ್ಮನ ಕೂತ್ರಿ?"

"ಆಂಟೆನಾ ಮತ್ತ ಬರತೈತಿ ಅಂತ ಆಶಾ ಹಚ್ಚಿಕೊಂಡಿದ್ನಿರಿ ಮೇಡಂ. ನನ್ನ ಕೈಲಿಂದನ ಅದಕ್ಕ ಕಲ್ಲು ಬೀಳತೈತಿ ಅಂತ ಹೆದರಿಕಿ ಆತು."

"ಇಂಥಾವು ಎಷ್ಟು ಮಾಡೀರಿ?"

"ನೂರಾ ನಲವತ್ತು."

ವೃಂದಾ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಕಂಬ ಇಳಿಸಿದ ಮೇಲೆ ಅವಳು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು. ಕಾಲೇಜಿನ ಗೇಟು ಬಂದಾಗ, "ನೀವೂ ಒಳಗ ಬರ್ರಿ," ಎಂದಷ್ಟೇ ಹೇಳಿದಳು.

ಬಾಳಕೃಷ್ಣ ಸರ್ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಡಬ್ಬಿ ಸಿಕ್ತಲ್ಲ, ಛಲೋ ಆತು. ಅಳತಿ ಸರಿ ಬಂತಲ್ಲ, ಅದನ್ನ ಬರಿ. ಡಬ್ಬಿ ಸುದ್ದಿ ಯಾಕ ಬರೀಬೇಕು?"

"ಇನ್ನೂ ಎಷ್ಟೋ ಇರಬಹುದು ಸರ್. ನಾಳೆ ಪ್ರಸಾರ ಖರೇನ ಶುರು ಆಗಿ, ಓಣಿ ಓಣ್ಯಾಗ ಚಿತ್ರ ಒಡೀಲಿಕ್ಕೆ ಹತ್ತಿದರ ಮಂದಿ ಏನಂತಾರ? ಈ ಟಿವಿನ ಸರಿ ಇಲ್ಲ ಅಂತಾರ."

"ನನ್ನ ಸರ್ವಿಸಿನಾಗ ಇಂಥಾ ಮೂರು ಯೋಜನಾ ಸತ್ತದ್ದು ನೋಡೀನಿ, ವೃಂದಾ. ಬ್ಯಾಡ ಅನ್ನೋರಿಗೆ ಒಂದು ನೆಪ ಸಾಕು. ನೀನ ಆ ನೆಪ ಕೈಗೆ ಕೊಡ್ತೀಯೇನು?" ಅವರ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು. ಮಕಬೂಲಸಾಬನಿಗೆ ಅದು ತನ್ನದೇ ಭಯವೆನಿಸಿತು. ಮೂರು ದಿನ ತನ್ನ ಬಾಯಿಗೆ ಬೀಗ ಹಾಕಿದ್ದೂ ಅದೇ.

"ಸಾಹೇಬರ, ವರದಿ ಹೋಗಾಕ ಎಷ್ಟು ದಿವಸ ಐತ್ರಿ?" ಎಂದು ಅವನು ಬಾಗಿಲ ಬಳಿಯಿಂದಲೇ ಕೇಳಿದ.

"ಒಂಬತ್ತು."

"ನಾನು ಹುಡಕ್ತೇನ್ರಿ. ಮನಿ ಯಜಮಾನರ ಹೆಸರು ನೆನಪಿಲ್ಲ, ಮಾಳಿಗಿ ನೆನಪದಾವು. ಎಷ್ಟು ಉಳದಾವು, ಎಷ್ಟು ಉರಿಯಾಕತ್ತಾವು, ಲೆಕ್ಕಾ ಹಚ್ಚಿ ಕೊಡ್ತೇನಿ. ಆಮ್ಯಾಲೆ ಬರೀರಿ ಬ್ಯಾಡ್ರಿ, ನಿಮ್ಮ ಮರ್ಜಿ."

ಬಾಳಕೃಷ್ಣ ಸರ್ ವೃಂದಾಳ ಮುಖ ನೋಡಿದರು. ವೃಂದಾ ಕಿಟಕಿಯಾಚೆ ನೋಡುತ್ತಿದ್ದಳು. "ಉಳದ ಹದಿಮೂರು ಜಾಗಾದ ಅಳತಿ ಮುಂಜಾನೆ ಮುಗಸ್ತೇವಿ ಸರ್," ಎಂದಳು ಕಡೆಗೆ. "ಮಧ್ಯಾಹ್ನದ ಮ್ಯಾಲೆ ನಾನೂ ಕಾಕಾನ ಜೊತಿ ಹೋಗ್ತೇನಿ."

ಮುಂದಿನ ಎಂಟು ದಿನ ಮಕಬೂಲಸಾಬ ಮೊಣಕಾಲಿಗೆ ಅರಿವೆ ಬಿಗಿದುಕೊಂಡು ಏಣಿ ಹತ್ತಿ ಇಳಿದ. ವ್ಯಾನಿನಲ್ಲಿ ಕೂತು ಕಣ್ಣು ಮುಚ್ಚಿ, ಇಪ್ಪತ್ತೈದು ವರ್ಷದ ಹಿಂದಿನ ಊರನ್ನು ಮೇಲಿನಿಂದ ನೆನೆಯುತ್ತಿದ್ದ. ನೀರಿನ ಟಾಕಿಯ ಪಕ್ಕ ಮಂಗಳೂರು ಹೆಂಚಿನ ಮನೆ, ಅದರ ಹಿಂದೆ ಪೇರಲ ಗಿಡವಿದ್ದ ಮಾಳಿಗೆ. ಹೋಗಿ ನೋಡಿದರೆ ಹೆಂಚಿನ ಮನೆಯ ಜಾಗದಲ್ಲಿ ಐದು ಅಂತಸ್ತಿನ ಕಟ್ಟಡ ನಿಂತಿರುತ್ತಿತ್ತು. ಕೆಲವು ಕಡೆ ಆಂಟೆನಾದ ಕಂಬ ಬೋಳಾಗಿ ನಿಂತಿತ್ತು. ಕೆಲವು ಕಡೆ ಡಬ್ಬಿ ಸಿಕ್ಕಿತು, ಆದರೆ ಒಳಗೆ ಇರುವೆಯ ಗೂಡು. ಒಂದು ಮನೆಯಲ್ಲಿ ಕಳ್ಳನೆಂದು ಹಿಡಿದು ಕೂಡಿಸಿದರು, ವೃಂದಾ ಕಾಲೇಜಿನ ಗುರುತಿನ ಚೀಟಿ ತೋರಿಸಿ ಬಿಡಿಸಿದಳು. ಆಗ ಅವಳು ಮೊದಲ ಸಲ ನಕ್ಕಳು. "ಹೆಂಗನಿಸ್ತು ಕಾಕಾ, ಮಂದಿ ಕಡೆ ಬೈಸಿಕೊಳ್ಳೋದು?" ಎಂದಳು.

ಸಪ್ತಾಪುರದಲ್ಲಿ ವೃಂದಾಳ ಮನೆಯಿಂದ ಮೂರನೇ ಓಣಿಯಲ್ಲೇ ಒಂದು ಸಿಕ್ಕಿತು. ಆ ಮನೆಯ ಗೋದಾಬಾಯಿ ಎಂಬ ಹಿರಿಯರು ದೇವರ ಮನೆಯ ದೀಪಕ್ಕೂ ಬೂಸ್ಟರಿಗೂ ಒಂದೇ ಸ್ವಿಚ್ಚು ಇರುವುದು ತಿಳಿಯದೆ ಹಗಲೆಲ್ಲ ಹಾಕಿಯೇ ಇಟ್ಟಿದ್ದರು. "ಅಂದರ ಇಷ್ಟು ವರ್ಷ ದೇವರ ಜೊತಿ ನಿಮ್ಮ ಡಬ್ಬಿಗೂ ನಾನ ದೀಪಾ ಹಚ್ಚಿಧಂಗಾತು," ಎಂದು ಅವರು ಬೇಸರವಿಲ್ಲದೆ ಹೇಳಿ, ಅವನಿಗೆ ಅವಲಕ್ಕಿ ಕೊಟ್ಟರು. ಅವನು ನಿಂತೇ ತಿಂದ. ಮುಂದಿನ ಮಾಳಿಗೆ ಕಣ್ಣ ಮುಂದೆ ಕುಣಿಯುತ್ತಿತ್ತು.

ಎಂಟನೆಯ ದಿನಕ್ಕೆ ಲೆಕ್ಕ ಇಷ್ಟಾಯಿತು. ಐವತ್ತೆರಡು ಮನೆಗಳೇ ಇರಲಿಲ್ಲ. ಮೂವತ್ತೊಂದು ಮಾಳಿಗೆಗಳಲ್ಲಿ ಡಬ್ಬಿ ಇರಲಿಲ್ಲ. ನಲವತ್ತು ಡಬ್ಬಿಗಳು ಸತ್ತಿದ್ದವು. ಗಿರಣಿಯದೂ ಸೇರಿ ಏಳು ಇನ್ನೂ ಉರಿಯುತ್ತಿದ್ದವು. ಆ ಏಳನ್ನೂ ಕಿತ್ತು ತಂದಾಗಿತ್ತು. ಇನ್ನು ಹತ್ತು ಎಲ್ಲಿ ಕಟ್ಟಿದ್ದೆನೆಂದು ಮಕಬೂಲಸಾಬನಿಗೆ ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ.

ವೃಂದಾ ಅದನ್ನೆಲ್ಲ ಎರಡು ಪುಟ ಬರೆದಳು. ಬಾಳಕೃಷ್ಣ ಸರ್ ಆ ಪುಟಗಳನ್ನು ಮೂರು ಸಲ ಓದಿದರು. ತೆಗೆಯಲಿಲ್ಲ. ಆದರೆ ವರದಿಯ ಕಡೆಗೆ, ನಕ್ಷೆಗಳೆಲ್ಲ ಮುಗಿದ ಮೇಲೆ ಸೇರಿಸಿದರು.

"ನಿಮ್ಮ ಹೆಸರು ಹಾಕಿಲ್ಲ ಕಾಕಾ," ಎಂದಳು ವೃಂದಾ. "ಸ್ಥಳೀಯ ತಯಾರಕರೊಬ್ಬರು ಅಂತ ಬರದೇನಿ."

"ಹಾಕ್ರಿ," ಎಂದ ಅವನು. "ಹೆಸರಿಲ್ಲಂದ್ರ ಮುಂದ ಯಾರನ್ನ ಕೇಳ್ತಾರ ಅವರು?"

ವರದಿ ಹೋದ ಮೇಲೆ ದಿಲ್ಲಿಯಿಂದ ಇಬ್ಬರು ಗಂಡಸರು, ಒಬ್ಬ ಹೆಂಗಸು ಬಂದರು. ಮುಂಜಾನೆಯೆಲ್ಲ ನಕ್ಷೆ ನೋಡಿದರು, ಹೆಬ್ಬಳ್ಳಿಗೆ ಹೋಗಿ ಚಿತ್ರ ನೋಡಿ ತಲೆದೂಗಿದರು. ಮಕಬೂಲಸಾಬ ಅವರನ್ನು ಕರೆದೊಯ್ದು ಕರೆತಂದ, ಕಾಲೇಜಿನ ಕಾರಿಡಾರಿನಲ್ಲಿ ಆಚೆಯಿಂದೀಚೆ ತಿರುಗಿದ. ಮಧ್ಯಾಹ್ನ ಊಟವಾದ ಮೇಲೆ ಆ ಹೆಂಗಸು ಕಡೆಯ ಎರಡು ಪುಟ ತೆರೆದು, ಈ ಮನುಷ್ಯ ಯಾರು, ಅವನನ್ನು ಕರೆಯಿರಿ ಎಂದರಂತೆ. ಅವನು ಒಳಗೆ ಹೋಗಿ ನಿಂತ. ಅವರು ಹಿಂದಿಯಲ್ಲಿ ಕೇಳಿದರು, ಇವನು ತನ್ನ ಹುಬ್ಬಳ್ಳಿಯ ಉರ್ದುವಿನಲ್ಲಿ ಉತ್ತರ ಕೊಟ್ಟ. ಯಾಕೆ ಆ ರೆಸಿಸ್ಟರು ಬಿಟ್ಟಿರಿ ಎಂದರು. ಅವಸರಕ್ಕೆ ಬಿಟ್ಟೆ ಎಂದ. ಊರಿನಲ್ಲಿ ನಿಮ್ಮಂತೆ ಬೂಸ್ಟರು ಮಾಡುವವರು ಎಷ್ಟು ಜನರಿದ್ದರು ಎಂದರು. ಏಳೆಂಟು ಮಂದಿ, ಅದರಲ್ಲಿ ಮೂವರು ತೀರಿಕೊಂಡಿದ್ದಾರೆ ಎಂದ. ಬಾಳಕೃಷ್ಣ ಸರ್ ಮುಖ ಬಾಡಿತು. ಆ ಹೆಂಗಸು ಏನನ್ನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಇಂಥ ಮಾತು ಬೇರೆ ಯಾವ ಊರಿನ ವರದಿಯಲ್ಲೂ ಬಂದಿಲ್ಲ ಎಂದಷ್ಟೇ ಹೇಳಿ ಎದ್ದರು.

ಪ್ರಯೋಗ ಮುಗಿಯುವ ದಿನ ವೃಂದಾ ಗೋಪನಕೊಪ್ಪಕ್ಕೇ ವ್ಯಾನು ಬಿಡಿಸಿದಳು. ಇಪ್ಪತ್ತೇಳನೆಯ ಜಾಗದ ಅಳತೆ ಇನ್ನೊಮ್ಮೆ ತೆಗೆದುಕೊಳ್ಳುವುದಿತ್ತು. ಗಿರಣಿಗೆ ಬಂದ ಹೆಣ್ಣುಮಕ್ಕಳು ಪಾಳಿ ಬರುವತನಕ ವ್ಯಾನಿನ ಹಿಂಬಾಗಿಲಲ್ಲಿ ನಿಂತು ಟಿವಿ ನೋಡಿದರು. ಸಂಗವ್ವನೂ ಬಂದು ನಿಂತಳು. ಕಡಲೆಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಎಷ್ಟು ಚಂದ ಕಾಣತೈತಿ, ನಮ್ಮ ಗಿರಣ್ಯಾಗೂ ಒಂದು ಹಾಕ್ರಿ," ಎಂದಳು. ಹನ್ನೆರಡಕ್ಕೆ ಸರಿಯಾಗಿ ಟವರಿನ ಪ್ರಸಾರ ನಿಂತಿತು. ಚಿತ್ರ ಒಡೆಯಲಿಲ್ಲ, ಕದಡಲಿಲ್ಲ, ಒಮ್ಮೆಲೆ ಕಪ್ಪಾಯಿತು.

"ಮತ್ತ ಯಾವಾಗ ಬರತೈತಿ?" ಎಂದು ಸಂಗವ್ವ ಕೇಳಿದಳು.

ಮಕಬೂಲಸಾಬ ವೃಂದಾಳತ್ತ ನೋಡಿದ. ವೃಂದಾ ಯಂತ್ರದ ವಯರು ಸುತ್ತುತ್ತಿದ್ದಳು. "ಗೊತ್ತಿಲ್ಲರಿ ಸಂಗವ್ವನವರ," ಎಂದಳು. "ಬರಬಹುದು. ಬರದೇನೂ ಇರಬಹುದು."

ಅಂದು ಸಂಜೆ ಅವಳನ್ನು ಸಪ್ತಾಪುರದಲ್ಲಿ ಇಳಿಸಿದಾಗ ಬಾಡಿಗೆಯ ಕೆಲಸ ಮುಗಿಯಿತು. ವೃಂದಾ ಗೇಟಿನವರೆಗೆ ಹೋದವಳು ತಿರುಗಿ ಬಂದಳು.

"ಮುಂದೇನು ಮಾಡ್ತೀರಿ ಕಾಕಾ?"

"ಇನ್ನೂ ಹತ್ತು ಅದಾವಲ್ರಿ."

"ಪ್ರಯೋಗ ಮುಗೀತು. ಇನ್ನ ಯಾರೂ ಕೇಳೂದಿಲ್ಲ."

"ಹೌದ್ರಿ," ಎಂದ ಅವನು. "ಹಿಂದ ಒಮ್ಮೆ ಯಾರೂ ಕೇಳಲಿಲ್ಲ ಅಂತನ ಸುಮ್ಮನ ಕೂತಿದ್ನಿರಿ."

ವೃಂದಾ ತನ್ನ ಕೈಚೀಲದಿಂದ ಆ ಕೈಯಲ್ಲಿ ಹಿಡಿಯುವ ಆಂಟೆನಾವನ್ನೂ ಯಂತ್ರವನ್ನೂ ತೆಗೆದಳು. ಒಂದು ಕ್ಷಣ ಯೋಚಿಸಿ ಮತ್ತೆ ಒಳಗಿಟ್ಟುಕೊಂಡಳು. ಅದು ಕಾಲೇಜಿನದು. "ಐತವಾರ ನನಗ ಸೂಟಿ ಇರ್ತದ," ಎಂದಳು. "ಮುಂಜಾನೆ ಎಂಟಕ್ಕ ಬರ್ರಿ. ಬಾಳಕೃಷ್ಣ ಸರ್‌ಗೆ ಕೇಳಿಕೊಂಡು ಇದನ್ನ ತಂದಿರ್ತೇನಿ."

ಇದಾಗಿ ಏಳು ತಿಂಗಳಾಯಿತು. ದಿಲ್ಲಿಯಿಂದ ಹೌದು ಎಂದೂ ಬಂದಿಲ್ಲ, ಅಲ್ಲ ಎಂದೂ ಬಂದಿಲ್ಲ. ಮಕಬೂಲಸಾಬ ಈಗ ಸಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಾನೆ. ಐತವಾರ ಏಣಿ ಕಟ್ಟಿಕೊಂಡು ಹೊರಡುತ್ತಾನೆ. ಹತ್ತರಲ್ಲಿ ನಾಲ್ಕು ಸಿಕ್ಕಿವೆ, ಒಂದು ಉರಿಯುತ್ತಿತ್ತು. ಬೀಬಿಜಾನ ಮೊದಲಿನಂತೆ ಗೊಣಗುವುದಿಲ್ಲ. ಹೋದ ವಾರ ಕೇಶ್ವಾಪುರದ ತನ್ನ ತವರಿನ ಮಾಳಿಗೆಯ ಮೇಲೂ ಒಂದು ಹಸಿರು ಡಬ್ಬಿ ಕಂಡ ನೆನಪು ಎಂದು ಅವಳೇ ಹೇಳಿದಳು. ಮಕಬೂಲಸಾಬ ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದ.

"ಚಹಾ ಕುಡದು ಹೋಗ್ರಿ," ಎಂದು ಅವಳು ಕೂಗಿದಳು. ಅವನು ಆಗಲೇ ಓಣಿಯ ತಿರುವಿನಲ್ಲಿದ್ದ.